ಹೊಸ ಆವೃತ್ತಿ ಬಂದಾಗ ಹಳೆಯ ಲೈಸೆನ್ಸಿನ ಗತಿ



ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಬಿಳಿ ಕಾಂಡಕೊರಕದ ಹತೋಟಿ, ಸುಣ್ಣದ ಪ್ರಮಾಣ ಮುಂತಾದ ವಿಷಯಗಳನ್ನು ಈ ಪುಟಗಳಲ್ಲಿ ಓದುತ್ತ ಬಂದಿರುವ ತಮಗೆ ಈ ಸಲದ ಪಾಠ ತೋಟದಿಂದ ತುಸು ಹೊರಗಿನದೆಂದು ತೋರಬಹುದು. ಆದರೆ ತೋಟದ ಜಮಾಖರ್ಚು, ಕೂಲಿ ಪಟ್ಟಿ, ಜಿ.ಎಸ್.ಟಿ. ಲೆಕ್ಕ, ಬ್ಯಾಂಕಿನ ವ್ಯವಹಾರ ಇವೆಲ್ಲ ಈಗ ಕಂಪ್ಯೂಟರಿಗೆ ಏರಿರುವುದರಿಂದ, ಆ ಕಂಪ್ಯೂಟರಿನೊಳಗಿರುವ ತಂತ್ರಾಂಶದ ಮೇಲೆ ನಮಗಿರುವ ಹಕ್ಕು ಎಷ್ಟು ಎಂಬುದನ್ನು ಅರಿಯುವುದೂ ಬೆಳೆಗಾರನ ಕೆಲಸವೇ ಆಗಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯು ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡ ಮೇಲಂತೂ ಸಂಘದ ಕಚೇರಿಯಲ್ಲಿ ಈ ಬಗೆಗೆ ವಿಚಾರಿಸುವವರು ಹೆಚ್ಚಾಗಿದ್ದಾರೆ. ಹೊಸ ಆವೃತ್ತಿ ಹಾಕಿಕೊಂಡರೆ ಹಳೆಯದನ್ನು ಮಗನ ಕಂಪ್ಯೂಟರಿಗೆ ಹಾಕಬಹುದೆ? ಹಳೆಯ ಯಂತ್ರ ಮಾರಿದರೆ ಅದರ ಲೈಸೆನ್ಸ್ ನಮಗೆ ಉಳಿಯುತ್ತದೆಯೆ? ಪೇಟೆಯಲ್ಲಿ ಕೆಲವೇ ನೂರು ರೂಪಾಯಿಗೆ ಕೊಡುವ ಕೀಲಿ ಸಂಖ್ಯೆ ನಡೆಯುತ್ತದೆಯೆ? ಇವೇ ಸಾಮಾನ್ಯವಾಗಿ ಬರುವ ಪ್ರಶ್ನೆಗಳು. ಇವಕ್ಕೆಲ್ಲ ಆಧಾರವಾದ ನಿಯಮ ಒಂದೇ. ಅದನ್ನು ಮೊದಲು ತಿಳಿದು, ಆಮೇಲೆ ಒಂದೊಂದಕ್ಕೂ ಅನ್ವಯಿಸಿ ನೋಡೋಣ.

1. ನಾವು ಕೊಂಡದ್ದು ಏನನ್ನು?

ಗುದ್ದಲಿ ಕೊಂಡರೆ ಗುದ್ದಲಿ ನಮ್ಮದು. ಅದನ್ನು ಮಾರಬಹುದು, ನೆರೆಯವರಿಗೆ ಎರವಲು ಕೊಡಬಹುದು, ಮುರಿದು ಬೇರೆ ಮಾಡಿಸಬಹುದು. ತಂತ್ರಾಂಶದ ವಿಷಯ ಹಾಗಲ್ಲ. ತಂತ್ರಾಂಶವನ್ನು ಬರೆದವನಿಗೆ ಅದರ ಕೃತಿಸ್ವಾಮ್ಯ ಉಳಿಯುತ್ತದೆ. ಹಣ ಕೊಟ್ಟವನಿಗೆ ದೊರೆಯುವುದು ಕೆಲವು ಷರತ್ತುಗಳಿಗೆ ಒಳಪಟ್ಟ ಬಳಕೆಯ ಅನುಮತಿ. ಈ ಅನುಮತಿಗೇ ಲೈಸೆನ್ಸ್ ಎಂದು ಹೆಸರು. ಗೇಣಿಗೆ ಕೊಟ್ಟ ಜಮೀನಿನಂತೆ, ಎಷ್ಟು ಕಾಲ, ಎಷ್ಟು ಜಾಗ, ಯಾವ ಬೆಳೆ ಎಂಬುದೆಲ್ಲ ಕರಾರಿನಲ್ಲಿ ಬರೆದಂತೆಯೇ ನಡೆಯಬೇಕು.

ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಿದ್ದುಪಡಿ ತಂದು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೆ ಸೇರಿಸಲಾಯಿತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪಿನಲ್ಲಿಯೂ ಇದೇ ಭೇದ ಎದ್ದು ಕಾಣುತ್ತದೆ. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಕಂಪನಿಯ ಆ ಪ್ರಕರಣ ಆದಾಯ ತೆರಿಗೆಗೆ ಸಂಬಂಧಿಸಿದ್ದು. ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ 2011ರಲ್ಲಿ ತೆರಿಗೆ ಇಲಾಖೆಯ ಪರವಾಗಿ ಆಗಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತಂತ್ರಾಂಶದ ಪ್ರತಿಯನ್ನು ಪಡೆದವನಿಗೆ ಅದನ್ನು ಬಳಸುವ ಹಕ್ಕಷ್ಟೇ ದೊರೆಯುತ್ತದೆ, ಕೃತಿಸ್ವಾಮ್ಯದ ಯಾವ ಭಾಗವೂ ಅವನ ಕೈಗೆ ಬರುವುದಿಲ್ಲ ಎಂಬುದು ಅದರ ಸಾರಾಂಶ.

2. ಕಸಿಯ ನ್ಯಾಯ

ಹೊಸ ಆವೃತ್ತಿಯನ್ನು ಎರಡು ಬಗೆಯಲ್ಲಿ ಪಡೆಯಬಹುದು. ಒಂದು, ಪೂರ್ಣ ಬೆಲೆ ಕೊಟ್ಟು ಹೊಸ ಲೈಸೆನ್ಸನ್ನೇ ಕೊಳ್ಳುವುದು. ಇನ್ನೊಂದು, ಹಳೆಯ ಲೈಸೆನ್ಸ್ ಇರುವುದರಿಂದ ಕಡಿಮೆ ಬೆಲೆಗೆ ಅಥವಾ ಉಚಿತವಾಗಿ ಹೊಸದಕ್ಕೆ ಏರುವುದು. ಈ ಎರಡನೆಯದಕ್ಕೆ ಅಪ್‌ಗ್ರೇಡ್ ಎನ್ನುತ್ತಾರೆ. ಗೊಂದಲವೆಲ್ಲ ಹುಟ್ಟುವುದು ಇಲ್ಲಿಯೇ.

ಅಡಿಕೆ ತೋಟದಲ್ಲಿ ಹಳೆಯ ಮರಗಳ ನಡುವೆ ಹೊಸ ಸಸಿ ಇಟ್ಟರೆ ಕೆಲವು ವರ್ಷ ಹಳೆಯ ಮರವೂ ಹೊಸ ಸಸಿಯೂ ಜೊತೆಯಾಗಿ ನಿಲ್ಲುತ್ತವೆ. ಬುಡ ಎರಡು, ಬೇರು ಎರಡು. ಪೂರ್ಣ ಬೆಲೆಯ ಖರೀದಿ ಇಂಥದು. ಹಳೆಯ ರೊಬಸ್ಟಾ ಗಿಡದ ಮೇಲ್ಭಾಗ ಕಡಿದು, ಬಂದ ಚಿಗುರಿಗೆ ಸಿ.ಎಕ್ಸ್.ಆರ್. ಕಡ್ಡಿಯನ್ನು ಕಸಿ ಕಟ್ಟುವ ಟಾಪ್ ವರ್ಕಿಂಗ್ ಪದ್ಧತಿಯನ್ನೂ ತಾವು ಬಲ್ಲಿರಿ. ಅಲ್ಲಿ ಬೇರು ಹಳೆಯದೇ, ರೆಂಬೆ ಹೊಸದು. ಕಸಿ ಹಿಡಿದ ಮೇಲೆ ಹಳೆಯ ರೊಬಸ್ಟಾ ಒಂದು, ಹೊಸ ಸಿ.ಎಕ್ಸ್.ಆರ್. ಒಂದು ಎಂದು ಎರಡು ಗಿಡಗಳನ್ನು ಯಾರೂ ಎಣಿಸುವುದಿಲ್ಲ. ಅಪ್‌ಗ್ರೇಡ್ ಎಂಬುದು ಈ ಕಸಿಯಂತೆ. ಅದು ಹಳೆಯ ಲೈಸೆನ್ಸಿನ ಬುಡದ ಮೇಲೆ ನಿಂತಿದೆ. ಹಳೆಯದು ಹೊಸದರೊಳಗೆ ಸೇರಿಹೋಗುತ್ತದೆ. ಬೇರೆಯಾಗಿ ಬಳಸಲು, ಕೊಡಲು, ಮಾರಲು ಉಳಿಯುವುದಿಲ್ಲ.

ಇದರಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಬುಡವೇ ಇಲ್ಲದೆ ಕಸಿ ಹಿಡಿಯದು. ಮೊದಲಿನ ಲೈಸೆನ್ಸ್ ಸರಿಯಾದದ್ದಲ್ಲದಿದ್ದರೆ ಅದರ ಮೇಲೆ ಮಾಡಿದ ಅಪ್‌ಗ್ರೇಡಿಗೂ ಬಲವಿಲ್ಲ. ಕಳ್ಳಪ್ರತಿಯ ಮೇಲೆ ಹೊಸ ಆವೃತ್ತಿಯನ್ನು ಹಾಕಿ ಅದು ಓಡಿದ ಮಾತ್ರಕ್ಕೆ ಲೈಸೆನ್ಸ್ ಬಂದಂತಾಗುವುದಿಲ್ಲ. ಯಂತ್ರ ಓಡುವುದು ಬೇರೆ, ಹಕ್ಕು ಇರುವುದು ಬೇರೆ.

3. ಎರಡು ನ್ಯಾಯಾಲಯಗಳ ಮಾತು

ಈ ನಿಯಮವನ್ನು ನ್ಯಾಯಾಲಯದಲ್ಲಿ ನೇರವಾಗಿ ಒರೆಗೆ ಹಚ್ಚಿದ ಪ್ರಕರಣವೊಂದು ಅಮೆರಿಕದ್ದು. ಅಲ್ಲಿನ ಕಾನೂನು ನಮಗೆ ಅನ್ವಯಿಸುವುದಿಲ್ಲವಾದರೂ ಸಂಗತಿ ತಿಳಿಯಲು ಒಳ್ಳೆಯ ಉದಾಹರಣೆ. ನಕ್ಷೆ ಬರೆಯುವ ಆಟೋಕ್ಯಾಡ್ ಎಂಬ ತಂತ್ರಾಂಶದ 14ನೆಯ ಆವೃತ್ತಿಯ ಹತ್ತು ಪ್ರತಿಗಳನ್ನು ಅಲ್ಲಿಯ ಒಂದು ವಾಸ್ತುಶಿಲ್ಪ ಸಂಸ್ಥೆ ಪಡೆದಿತ್ತು. ಆಮೇಲೆ ಆಟೋಕ್ಯಾಡ್ 2000 ಎಂಬ ಮುಂದಿನ ಆವೃತ್ತಿಗೆ ಅಪ್‌ಗ್ರೇಡ್ ಮಾಡಿಕೊಂಡಿತು. ಹೊಸ ಲೈಸೆನ್ಸಿನ ಬೆಲೆ ತಲಾ 3,750 ಡಾಲರ್ ಇದ್ದರೆ, ಅಪ್‌ಗ್ರೇಡಿನ ಬೆಲೆ 495 ಡಾಲರ್. ಬೆಲೆಯಲ್ಲಿ ಇಷ್ಟು ಇಳಿತಕ್ಕೆ ಪ್ರತಿಯಾಗಿ ಒಂದು ಷರತ್ತಿತ್ತು: ಹಳೆಯ ಪ್ರತಿಗಳನ್ನು ನಾಶಪಡಿಸತಕ್ಕದ್ದು. ಸಂಸ್ಥೆ ಹಾಗೆ ಮಾಡದೆ, 2007ರಲ್ಲಿ ಕಚೇರಿಯ ಹಳೆಯ ಸಾಮಾನು ಮಾರುವಾಗ ನಾಲ್ಕು ಪ್ರತಿಗಳನ್ನು ವರ್ನರ್ ಎಂಬವರಿಗೆ ಮಾರಿತು. ಅವರು ಅವನ್ನು ಅಂತರಜಾಲದ ಹರಾಜಿಗೆ ಇಟ್ಟಾಗ ತಯಾರಕರಾದ ಆಟೋಡೆಸ್ಕ್ ಕಂಪನಿ ತಡೆಯಿತು. ಕೆಳಗಿನ ನ್ಯಾಯಾಲಯ ವರ್ನರ್ ಪರವಾಗಿ ಹೇಳಿತು. ಮೇಲಿನ ನ್ಯಾಯಾಲಯ 2010ರ ಸೆಪ್ಟೆಂಬರಿನಲ್ಲಿ ಅದನ್ನು ತಿರುಗಿಸಿತು: ಮೊದಲಿನ ಸಂಸ್ಥೆ ಪ್ರತಿಗಳ ಒಡೆಯನಲ್ಲ, ಲೈಸೆನ್ಸುದಾರ ಮಾತ್ರ, ತನಗೇ ಇಲ್ಲದ ಒಡೆತನವನ್ನು ಅದು ಇನ್ನೊಬ್ಬರಿಗೆ ಕೊಡಲಾರದು. ಇಲ್ಲಿ ನಷ್ಟಪಟ್ಟವರು ಹಣ ಕೊಟ್ಟು ಕೊಂಡ ಮೂರನೆಯವರು ಎಂಬುದನ್ನು ಸದಸ್ಯರು ಗಮನಿಸಬೇಕು.

ಯುರೋಪಿನಲ್ಲಿ ತೀರ್ಪು ಬೇರೆ ದಾರಿ ಹಿಡಿಯಿತು. ಯೂಸ್ಡ್‌ಸಾಫ್ಟ್ ಮತ್ತು ಒರಾಕಲ್ ಕಂಪನಿಗಳ ನಡುವಿನ ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 2012ರ ಜುಲೈ 3ರಂದು, ಕಾಲಮಿತಿಯಿಲ್ಲದೆ ಹಣಕ್ಕೆ ಕೊಟ್ಟ ಲೈಸೆನ್ಸನ್ನು ಪಡೆದವನು ಮರುಮಾರಾಟ ಮಾಡಬಹುದು ಎಂದು ಹೇಳಿತು. ನಿರ್ವಹಣಾ ಕರಾರಿನಡಿ ತಿದ್ದಿ ಸುಧಾರಿಸಿದ ಪ್ರತಿಗೂ ಇದು ಅನ್ವಯ. ಆದರೆ ಮಾರುವವನು ತನ್ನ ಪ್ರತಿಯನ್ನು ಬಳಸಲಾಗದಂತೆ ಮಾಡಬೇಕು. ಹತ್ತು ಜನರ ಬಳಕೆಗೆಂದು ಪಡೆದ ಲೈಸೆನ್ಸನ್ನು ಒಡೆದು ಐದನ್ನು ಇಟ್ಟುಕೊಂಡು ಐದನ್ನು ಮಾರುವಂತಿಲ್ಲ ಎಂದೂ ಸೇರಿಸಿತು.

ಒಂದು ನ್ಯಾಯಾಲಯ ಮಾರಬಾರದೆಂದಿತು, ಇನ್ನೊಂದು ಮಾರಬಹುದೆಂದಿತು. ಆದರೂ ಒಂದು ಹಕ್ಕನ್ನು ಎರಡು ಕಡೆ ಬೆಳೆಸುವುದನ್ನು ಎರಡೂ ಒಪ್ಪಲಿಲ್ಲ. ಈ ಪಾಠದಲ್ಲಿ ಮುಖ್ಯವಾಗಿ ನೆನಪಿಡತಕ್ಕದ್ದು ಇದೇ.

4. ವಿಂಡೋಸ್

ನಮ್ಮ ಸದಸ್ಯರಲ್ಲಿ ಹೆಚ್ಚಿನವರ ಯಂತ್ರದಲ್ಲಿ ವಿಂಡೋಸ್ ಇರುವುದರಿಂದ ಇದನ್ನು ತುಸು ವಿವರವಾಗಿ ಹೇಳುತ್ತೇವೆ. ವಿಂಡೋಸ್ ಲೈಸೆನ್ಸಿನಲ್ಲಿ ಮೂರು ಜಾತಿಗಳಿವೆ.

(ಅ) ಒ.ಇ.ಎಂ. ಲೈಸೆನ್ಸ್: ಕಂಪ್ಯೂಟರಿನ ಜೊತೆಗೇ ಬಂದದ್ದು. ಇದು ಆ ಯಂತ್ರಕ್ಕೆ ಅಂಟಿಕೊಂಡದ್ದು. ಯಂತ್ರದೊಂದಿಗೆ ಹುಟ್ಟಿ ಯಂತ್ರದೊಂದಿಗೆ ಮುಗಿಯುತ್ತದೆ. ಯಂತ್ರವನ್ನು ಮಗನಿಗೆ ಕೊಟ್ಟರೆ ಲೈಸೆನ್ಸೂ ಅದರೊಡನೆ ಹೋಗುತ್ತದೆ. ಅದನ್ನು ಕಿತ್ತು ಬೇರೆ ಯಂತ್ರಕ್ಕೆ ನೆಡುವಂತಿಲ್ಲ.

(ಆ) ರೀಟೇಲ್ ಲೈಸೆನ್ಸ್: ಪ್ರತ್ಯೇಕವಾಗಿ ಪೂರ್ಣ ಬೆಲೆಗೆ ಕೊಂಡದ್ದು. ಹಳೆಯ ಯಂತ್ರದಿಂದ ತೆಗೆದು ಹೊಸ ಯಂತ್ರಕ್ಕೆ ವರ್ಗಾಯಿಸಬಹುದು. ಒಂದು ಕಾಲಕ್ಕೆ ಒಂದೇ ಯಂತ್ರ.

(ಇ) ವಾಲ್ಯೂಮ್ ಲೈಸೆನ್ಸ್: ದೊಡ್ಡ ಸಂಸ್ಥೆಗಳು ಕರಾರಿನ ಮೇಲೆ ಪಡೆಯುವಂಥದು. ವಿಂಡೋಸಿನ ವಾಲ್ಯೂಮ್ ಲೈಸೆನ್ಸ್ ಅಪ್‌ಗ್ರೇಡ್ ಮಾತ್ರ. ಯಂತ್ರದಲ್ಲಿ ಮೊದಲೇ ಅರ್ಹವಾದ ವಿಂಡೋಸ್ ಲೈಸೆನ್ಸ್ ಇದ್ದರೆ ಮಾತ್ರ ಅದಕ್ಕೆ ಬೆಲೆ. ಕೆಲವೇ ನೂರು ರೂಪಾಯಿಗೆ ಸಿಗುವ ಬಿಡಿ ಕೀಲಿಯ ಹಿಂದೆ ಇಂಥ ಕರಾರು ಇದೆಯೆ, ಇದ್ದರೆ ಅದರಲ್ಲಿ ತಾವು ಪಾಲುದಾರರೆ ಎಂದು ಕೇಳಿ ನೋಡಿರಿ. ಕೀಲಿ ಬಾಗಿಲು ತೆರೆದೀತು. ಮನೆಯ ಪತ್ರ ಅದರೊಡನೆ ಬರುವುದಿಲ್ಲ.

ಮಳೆಗಾಲದ ಮೊದಲ ಸಿಡಿಲಿಗೆ ಮದರ್‌ಬೋರ್ಡ್ ಸುಡುವುದು ಮಲೆನಾಡಿನಲ್ಲಿ ಅಪರೂಪವಲ್ಲ. ಒ.ಇ.ಎಂ. ಲೈಸೆನ್ಸಿನ ದೃಷ್ಟಿಯಲ್ಲಿ ಮದರ್‌ಬೋರ್ಡೇ ಯಂತ್ರದ ಬುಡ. ಕೆಟ್ಟುಹೋದ ಕಾರಣಕ್ಕೆ ಅದೇ ಮಾದರಿಯ ಅಥವಾ ತಯಾರಕರು ಹೇಳುವ ಸಮಾನ ಮಾದರಿಯ ಬೋರ್ಡ್ ಹಾಕಿದರೆ ಲೈಸೆನ್ಸ್ ಮುಂದುವರಿಯುತ್ತದೆ. ವೇಗ ಹೆಚ್ಚಲೆಂದು ಬೇರೆ ಬೋರ್ಡ್ ಹಾಕಿದರೆ ಅದು ಹೊಸ ಯಂತ್ರವೆಂದೇ ಲೆಕ್ಕ. ಆದುದರಿಂದ ರಿಪೇರಿಯವರಿಂದ ಕಾರಣ ಬರೆದ ಬಿಲ್ಲನ್ನು ತಪ್ಪದೆ ಪಡೆಯತಕ್ಕದ್ದು.

ಇನ್ನು ವಿಂಡೋಸ್ 10ರಿಂದ 11ಕ್ಕೆ ಏರುವ ವಿಷಯ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11, ಸರಿಯಾದ ಲೈಸೆನ್ಸ್ ಇರುವ ವಿಂಡೋಸ್ 10ರ ಯಂತ್ರಕ್ಕೆ ಉಚಿತ. ಆದರೆ ಯಂತ್ರ ಅರ್ಹವಾಗಿರಬೇಕು. ಕನಿಷ್ಠ 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಸಂಗ್ರಹ, ಟಿ.ಪಿ.ಎಂ. 2.0 ಎಂಬ ಭದ್ರತಾ ಬಿಲ್ಲೆ, ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಹೋಮ್ ಆವೃತ್ತಿ ಇದ್ದರೆ ಹೋಮ್‌ಗೆ, ಪ್ರೋ ಇದ್ದರೆ ಪ್ರೋಗೆ ಏರುತ್ತದೆ. ಹೋಮ್‌ನಿಂದ ಪ್ರೋಗೆ ಹೋಗಲು ಬೇರೆ ಹಣ ಕೊಡಬೇಕು. ಅರ್ಹವಲ್ಲದ ಯಂತ್ರಕ್ಕೆ ಹೊಸ ಲೈಸೆನ್ಸ್ ಕೊಂಡರೂ ಪ್ರಯೋಜನವಿಲ್ಲ. ಕೊರತೆ ಇರುವುದು ಯಂತ್ರದಲ್ಲಿ. ಅಂಥ ಮನೆಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಪರಿಷ್ಕರಣೆಗೆ ನೋಂದಾಯಿಸಿಕೊಳ್ಳುವ ಯೋಜನೆಯನ್ನು ಕಂಪನಿ ಪ್ರಕಟಿಸಿತ್ತು. ಬೆಂಬಲ ನಿಂತ ಮಾತ್ರಕ್ಕೆ ವಿಂಡೋಸ್ 10ರ ಲೈಸೆನ್ಸ್ ರದ್ದಾಗಿಲ್ಲ. ಬಳಸುವ ಹಕ್ಕು ಇದೆ. ಭದ್ರತೆ ಮಾತ್ರ ದಿನೇ ದಿನೇ ಕುಂದುತ್ತದೆ. ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಇಟ್ಟುಕೊಳ್ಳದಿರುವುದು ಲೇಸು.

ಹೊಸದರಿಂದ ಹಳೆಯದಕ್ಕೆ ಇಳಿಯುವ ಹಕ್ಕೂ ಕೆಲವೆಡೆ ಇದೆ. ವಿಂಡೋಸ್ 11 ಪ್ರೋ ಜೊತೆಗೆ ಬಂದ ಯಂತ್ರದಲ್ಲಿ ವಿಂಡೋಸ್ 10 ಪ್ರೋ ಬಳಸಬಹುದು. ಹೋಮ್ ಆವೃತ್ತಿಗೆ ಈ ಸೌಲಭ್ಯವಿಲ್ಲ. ಇಲ್ಲಿಯೂ ಎರಡರಲ್ಲೊಂದು, ಎರಡೂ ಅಲ್ಲ.

5. ಆಫೀಸ್

ಪತ್ರ, ಪಟ್ಟಿ ತಯಾರಿಸುವ ಮೈಕ್ರೋಸಾಫ್ಟ್ ಆಫೀಸಿನ ನಿಯಮ ವಿಂಡೋಸಿನಂತಲ್ಲ. ಒಂದೇ ಸಲ ಹಣ ಕೊಟ್ಟು ಕೊಂಡ ಆಫೀಸ್ 2019, 2021 ಅಥವಾ 2024 ಒಂದು ಯಂತ್ರಕ್ಕೆ ಸಂಬಂಧಿಸಿದ್ದು. ಮುಂದಿನ ಮುಖ್ಯ ಆವೃತ್ತಿಗೆ ಅಪ್‌ಗ್ರೇಡ್ ಎಂಬುದೇ ಇಲ್ಲ. ಹೊಸದು ಬೇಕಾದರೆ ಪೂರ್ಣ ಬೆಲೆಗೆ ಮತ್ತೆ ಕೊಳ್ಳಬೇಕು. ಆಫೀಸ್ 2016 ಮತ್ತು 2019ಕ್ಕೆ ಬೆಂಬಲ 2025ರ ಅಕ್ಟೋಬರ್ 14ರಂದೇ ಮುಗಿಯಿತು. ವರ್ಷವರ್ಷವೂ ಚಂದಾ ಕಟ್ಟುವ ಮೈಕ್ರೋಸಾಫ್ಟ್ 365ರಲ್ಲಿ ಹೊಸ ಆವೃತ್ತಿ ತಾನಾಗಿ ಬರುತ್ತದೆ. ಚಂದಾ ನಿಂತರೆ ಕಡತ ತೆರೆದು ಓದಬಹುದು, ತಿದ್ದುವ ಸೌಲಭ್ಯ ನಿಲ್ಲುತ್ತದೆ. ಒಂದು ಎಚ್ಚರಿಕೆ: ಆಫೀಸ್ ಹೋಮ್ ಅಂಡ್ ಸ್ಟೂಡೆಂಟ್ 2021 ಎಂಬುದು ಮನೆಬಳಕೆಗೆ ಮಾತ್ರ ಕೊಟ್ಟದ್ದು. ತೋಟದ ವ್ಯಾಪಾರಕ್ಕೆ ಅದನ್ನು ಬಳಸುವುದು ಕರಾರಿಗೆ ವಿರುದ್ಧ.

6. ಟ್ಯಾಲಿ

ಲೆಕ್ಕ ಬರೆಯಲು ನಮ್ಮಲ್ಲಿ ಬಹುಮಂದಿ ಬಳಸುವ ಟ್ಯಾಲಿ ಬೆಂಗಳೂರಿನ ಕಂಪನಿಯದು. ಅದರ ಶಾಶ್ವತ ಲೈಸೆನ್ಸ್ ಪಡೆದವರ ಪದ್ಧತಿ ಮೂರನೆಯ ಬಗೆಯದು. ಲೈಸೆನ್ಸಿಗೆ ಅವಧಿ ಇಲ್ಲ. ಆದರೆ ಹೊಸ ಆವೃತ್ತಿ ಪಡೆಯುವ ಹಕ್ಕು ಟಿ.ಎಸ್.ಎಸ್. ಎಂಬ ವಾರ್ಷಿಕ ಸೇವಾ ಚಂದಾಕ್ಕೆ ಕಟ್ಟಿದ್ದು. ಚಂದಾ ಮುಗಿದರೂ ಕೈಯಲ್ಲಿರುವ ಆವೃತ್ತಿ ಓಡುತ್ತಲೇ ಇರುತ್ತದೆ, ಮುಂದೆ ಬರುವ ಆವೃತ್ತಿ ಮಾತ್ರ ಸಿಗದು. ಟ್ಯಾಲಿ ಇ.ಆರ್.ಪಿ. 9 ಇದ್ದವರು ಚಂದಾ ಚಾಲ್ತಿಯಲ್ಲಿದ್ದರೆ 2020ರ ನವೆಂಬರಿನಲ್ಲಿ ಬಂದ ಟ್ಯಾಲಿ ಪ್ರೈಮ್‌ಗೆ ಬೇರೆ ಲೈಸೆನ್ಸ್ ಕೊಳ್ಳದೆ ಏರಬಹುದಾಗಿತ್ತು. ಸಿಲ್ವರ್ ಎಂಬುದು ಒಂದು ಯಂತ್ರಕ್ಕೆ, ಗೋಲ್ಡ್ ಎಂಬುದು ಒಂದು ಕಚೇರಿಯ ಜಾಲದಲ್ಲಿರುವ ಹಲವು ಯಂತ್ರಗಳಿಗೆ. ಯಂತ್ರ ಬದಲಿಸುವಾಗ ಹಳೆಯದರಲ್ಲಿ ಲೈಸೆನ್ಸನ್ನು ಒಪ್ಪಿಸಿ, ಅಂದರೆ ಸರೆಂಡರ್ ಮಾಡಿ, ಆಮೇಲೆ ಹೊಸದರಲ್ಲಿ ಚಾಲನೆ ಮಾಡಿಕೊಳ್ಳತಕ್ಕದ್ದು. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಈ ಕೆಲಸ ಮುಗಿದಿರಬೇಕು.

ಲೆಕ್ಕದ ತಂತ್ರಾಂಶ ಬದಲಿಸುವಾಗ ಲೈಸೆನ್ಸಿಗಿಂತ ಹೆಚ್ಚಿನ ಗಂಡಾಂತರ ಹಳೆಯ ಲೆಕ್ಕಕ್ಕೆ ಇದೆ. ಹೊಸ ಆವೃತ್ತಿಗೆ ಪರಿವರ್ತಿಸಿದ ಕಡತವನ್ನು ಹಳೆಯ ಆವೃತ್ತಿ ಓದದಿರಬಹುದು. ಜಿ.ಎಸ್.ಟಿ. ಕಾಯಿದೆಯ 36ನೆಯ ಕಲಮಿನಂತೆ ನೋಂದಾಯಿತ ವ್ಯಾಪಾರಿಯು ಆಯಾ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಲು ಗೊತ್ತಾದ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾದಿಡಬೇಕು. ಆರು ವರ್ಷದ ಹಿಂದಿನ ಅಡಿಕೆ ಮಾರಾಟದ ಲೆಕ್ಕವನ್ನು ಅಧಿಕಾರಿ ಕೇಳಿದಾಗ, ತಂತ್ರಾಂಶ ಬದಲಾಯಿತು, ಕಡತ ತೆರೆಯುತ್ತಿಲ್ಲ ಎಂಬ ಉತ್ತರ ನಡೆಯದು. ಆದುದರಿಂದ ಅಪ್‌ಗ್ರೇಡಿಗೆ ಮೊದಲು ಮೂಲ ಕಡತದ ಒಂದು ಪ್ರತಿ, ಮುಖ್ಯ ಖಾತೆಗಳ ಮುದ್ರಿತ ಪ್ರತಿ ಎರಡನ್ನೂ ಎತ್ತಿಡಿರಿ.

7. ಬೆಲೆಯಿಲ್ಲದ ತಂತ್ರಾಂಶ

ಲಿಬ್ರೆ ಆಫೀಸ್, ಲಿನಕ್ಸ್ ಮುಂತಾದ ಸ್ವತಂತ್ರ ತಂತ್ರಾಂಶಗಳ ಲೈಸೆನ್ಸ್ ಬೇರೆಯೇ ಬಗೆ. ಎಷ್ಟು ಯಂತ್ರಕ್ಕಾದರೂ ಹಾಕಬಹುದು, ವ್ಯಾಪಾರಕ್ಕೆ ಬಳಸಬಹುದು, ನೆರೆಯವರಿಗೆ ಹಂಚಬಹುದು, ಹೊಸದು ಬಂದ ಮೇಲೂ ಹಳೆಯದನ್ನು ಇಟ್ಟುಕೊಳ್ಳಬಹುದು. ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿ ಇನ್ನೂ ಕೆಲವು ವರ್ಷ ದುಡಿಸಿಕೊಳ್ಳಬಹುದು. ಆದರೆ ಉಚಿತವಾಗಿ ಸಿಗುವುದೆಲ್ಲ ಈ ವರ್ಗಕ್ಕೆ ಸೇರಿದ್ದಲ್ಲ. ಬೆಲೆ ಇಲ್ಲದಿದ್ದರೂ ಮನೆಬಳಕೆಗೆ ಮಾತ್ರ ಎಂಬಂಥ ಷರತ್ತಿರುವ ತಂತ್ರಾಂಶಗಳು ಬಹಳ. ಕರಾರು ಓದಿಯೇ ನಿರ್ಧರಿಸಬೇಕು.

8. ಕಾನೂನಿನ ಕಟ್ಟು

ಉಲ್ಲಂಘನೆಯ ಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸುವವರಿಗೆ ಕೃತಿಸ್ವಾಮ್ಯ ಕಾಯಿದೆಯ 63-ಬಿ ಕಲಮು ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಸೆರೆವಾಸ ಹಾಗೂ 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸಿಲ್ಲವೆಂದಾದರೆ ನ್ಯಾಯಾಲಯವು ಕಾರಣ ಬರೆದು, ಸೆರೆವಾಸ ಬಿಟ್ಟು 50,000 ರೂಪಾಯಿವರೆಗಿನ ದಂಡಕ್ಕೆ ನಿಲ್ಲಿಸಬಹುದು. ತೋಟದ ಲೆಕ್ಕಕ್ಕೆ ಬಳಸಿದ ಯಂತ್ರಕ್ಕೆ ಈ ರಿಯಾಯಿತಿ ಕೇಳುವುದು ಕಷ್ಟ. ಇದೇ ಕಾಯಿದೆಯ 52ನೆಯ ಕಲಮು ಬಳಕೆದಾರನಿಗೆ ಒಂದು ರಕ್ಷಣೆಯನ್ನೂ ಕೊಟ್ಟಿದೆ: ನ್ಯಾಯವಾಗಿ ಪಡೆದ ಪ್ರತಿ ಹಾಳಾದರೆ ಇರಲೆಂದು ಮುನ್ನೆಚ್ಚರಿಕೆಯ ನಕಲು ಮಾಡಿಟ್ಟುಕೊಳ್ಳಬಹುದು. ಆ ನಕಲು ಎತ್ತಿಡುವುದಕ್ಕೇ ಹೊರತು ಎರಡನೆಯ ಯಂತ್ರದಲ್ಲಿ ಓಡಿಸುವುದಕ್ಕಲ್ಲ.

9. ಮಾಡತಕ್ಕ ಕ್ರಮ

ಅಪ್‌ಗ್ರೇಡಿಗೆ ಕೈಹಾಕುವ ಮುನ್ನ ಈ ಐದನ್ನು ಕ್ರಮವಾಗಿ ನೋಡಿಕೊಳ್ಳಿರಿ.

ಒಂದು, ಈಗಿರುವ ಲೈಸೆನ್ಸ್ ಯಾವ ಜಾತಿಯದು, ಅದರ ಬಿಲ್ ಎಲ್ಲಿದೆ? ಎರಡು, ಹೊಸದು ಅಪ್‌ಗ್ರೇಡೋ ಪೂರ್ಣ ಲೈಸೆನ್ಸೋ? ಬಿಲ್ಲಿನಲ್ಲಿ ಅದನ್ನು ಸ್ಪಷ್ಟವಾಗಿ ಬರೆಸಿಕೊಳ್ಳಿರಿ. ಮೂರು, ಹಳೆಯದನ್ನು ಏನು ಮಾಡಬೇಕೆಂದು ಕರಾರು ಹೇಳುತ್ತದೆ? ನಾಲ್ಕು, ಹಳೆಯ ಲೆಕ್ಕದ ಪ್ರತಿ ಎತ್ತಿಟ್ಟದ್ದಾಯಿತೆ? ಐದು, ಹಳೆಯ ಯಂತ್ರದಲ್ಲಿ ಲೈಸೆನ್ಸ್ ಒಪ್ಪಿಸಿದ್ದಾಯಿತೆ?

ಅಪ್‌ಗ್ರೇಡ್ ಆದ ಮೇಲೂ ಹಳೆಯ ಬಿಲ್, ಪೆಟ್ಟಿಗೆ, ಕೀಲಿ ಚೀಟಿಗಳನ್ನು ಬಿಸಾಡಬಾರದು. ಹೊಸ ಹಕ್ಕಿಗೆ ಬುಡ ಅವೇ ಆದುದರಿಂದ ನಾಳೆ ಪ್ರಶ್ನೆ ಬಂದರೆ ಎರಡನ್ನೂ ಒಟ್ಟಿಗೆ ತೋರಿಸಬೇಕಾಗುತ್ತದೆ. ಜಮೀನಿನ ಮೂಲಪತ್ರದಂತೆ ಇವನ್ನು ಜೋಡಿಸಿಡಿರಿ.

ಇನ್ನು ಮೊದಲಿನ ಪ್ರಶ್ನೆಗಳಿಗೆ ಉತ್ತರವನ್ನು ತಾವೇ ಹೇಳಬಲ್ಲಿರಿ. ಹೊಸ ಆವೃತ್ತಿಗೆ ಏರಿದ ಮೇಲೆ ಹಳೆಯದನ್ನು ಮಗನ ಯಂತ್ರಕ್ಕೆ ಹಾಕಬಹುದೆ? ಅಪ್‌ಗ್ರೇಡ್ ಆಗಿದ್ದರೆ ಕೂಡದು. ಹೊಸದನ್ನು ಪೂರ್ಣ ಬೆಲೆಗೆ ಕೊಂಡಿದ್ದು, ಹಳೆಯದು ವರ್ಗಾಯಿಸಬಹುದಾದ ಜಾತಿಯದಾಗಿದ್ದರೆ ಆಗಬಹುದು. ಯಂತ್ರ ಮಾರಿದರೆ ಅದರ ಲೈಸೆನ್ಸ್ ಉಳಿಯುತ್ತದೆಯೆ? ಒ.ಇ.ಎಂ. ಆದರೆ ಯಂತ್ರದೊಡನೆ ಹೋಯಿತು. ರೀಟೇಲ್ ಆದರೆ ತೆಗೆದುಕೊಂಡು ಉಳಿಸಿಕೊಳ್ಳಬಹುದು. ಅಗ್ಗದ ಕೀಲಿ? ಬಿಲ್ಲೂ ಕರಾರೂ ಇಲ್ಲದೆ ಬೇಡವೇ ಬೇಡ.

ಸಂಘದ ಕಚೇರಿಯಲ್ಲಿ ನಾವು ಪ್ರತಿ ಯಂತ್ರಕ್ಕೂ ಒಂದು ಪುಟದಂತೆ ಸಣ್ಣ ರಿಜಿಸ್ಟರ್ ಇಟ್ಟಿದ್ದೇವೆ. ತಂತ್ರಾಂಶದ ಹೆಸರು, ಆವೃತ್ತಿ, ಲೈಸೆನ್ಸಿನ ಜಾತಿ, ಕೊಂಡ ದಿನಾಂಕ, ಬಿಲ್ ನಂಬರು, ಅಪ್‌ಗ್ರೇಡ್ ಆದ ದಿನಾಂಕ, ಹಳೆಯದನ್ನು ತೆಗೆದ ದಿನಾಂಕ ಎಂದು ಏಳು ಕಾಲಂಗಳು. ಬಯಸುವ ಸದಸ್ಯರು ಕಚೇರಿಯ ವೇಳೆಯಲ್ಲಿ ಬಂದು ಮಾದರಿಯನ್ನು ನೋಡಿ ನಕಲು ಮಾಡಿಕೊಳ್ಳಬಹುದು. ಒಂದು ಯಂತ್ರವಿರುವ ಮನೆಗೆ ಒಂದೇ ಹಾಳೆ ಸಾಕು. ಬರುವ ಕೊಯ್ಲಿನ ಗಡಿಬಿಡಿ ಶುರುವಾಗುವ ಮೊದಲೇ ಆ ಹಾಳೆಯನ್ನು ತುಂಬಿಡುವುದು ಒಳ್ಳೆಯದು.

— ಕಾರ್ಯದರ್ಶಿ